ಬಸ್ಸಿಗಿಂತ ಮೊದಲು ಸಂಗೊಳ್ಳಿ ಮುಟ್ಟಿದ ಹೆಬ್ಬೆರಳು

ಇನ್ನು ಮುಂದೆ ತಾನು ಏನು ಕೊಂಡೆ, ಎಲ್ಲಿ ಕೊಂಡೆ ಎಂಬುದು ತನಗೂ ತನ್ನ ಹೆಬ್ಬೆರಳಿಗೂ ಬಿಟ್ಟು ಮೂರನೆಯವರಿಗೆ ತಿಳಿಯಕೂಡದು! ಬೈಲಹೊಂಗಲದ ಬಾಡಿಗೆ ಮನೆಯಲ್ಲಿ, ಹನ್ನೊಂದು ತಿಂಗಳ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಿವಾನಿ ರಣಘೋಷ ಮಾಡಿದಳು.

ಘೋಷಕ್ಕೆ ಕಾರಣ ರೊಟ್ಟಿ. ಸಂಗೊಳ್ಳಿಯಲ್ಲಿರುವ ಅತ್ತೆ ಚನ್ನವ್ವನ ಮುಂಗೈಗೆ ನೋವು ಹತ್ತಿದ ಮೇಲೆ, ಎರಡು ವರ್ಷದಿಂದ ಪ್ರತಿ ಸೋಮವಾರ ಐವತ್ತು ಕಡಕ್ ರೊಟ್ಟಿಯ ಗಂಟು ಇಲ್ಲಿಂದ ಬಸ್ಸಿನಲ್ಲಿ ಹೋಗಬೇಕು. ಕೂಸು ಹುಟ್ಟಿದ ಮೇಲೆ ರೊಟ್ಟಿ ಬಡಿಯಲು ಶಿವಾನಿಗೆ ಕೈಯೆಲ್ಲಿ ಖಾಲಿ? ಹಾಗಾಗಿ ಸಾವಂತ್ರೆವ್ವನ ರೊಟ್ಟಿ ಕೇಂದ್ರದ ರೊಟ್ಟಿಗಳು ಗುಟ್ಟಾಗಿ ಶಿವಾನಿಯ ಹಳೆಯ ಸೀರೆ ತುಂಡಿನಲ್ಲಿ ಗಂಟಾಗಿ, ಶಿವಾನಿಯ ರೊಟ್ಟಿಗಳೆಂಬ ಬಿರುದು ಹೊತ್ತು ಸಂಗೊಳ್ಳಿಗೆ ಸಾಗುತ್ತಿದ್ದವು. ಅಲ್ಲಿ ಚನ್ನವ್ವ "ನಮ್ಮ ಸೊಸಿ ಬಡದದ್ದು" ಎಂದು ಓಣಿಗೆಲ್ಲ ಹಂಚಿ ಹಿಗ್ಗುತ್ತಿದ್ದಳು. ಈ ಗುಟ್ಟು ರಟ್ಟಾದರೆ ಶಿವಾನಿ ಆ ಓಣಿಯಲ್ಲಿ ಮುಖ ಎತ್ತುವಂತಿರಲಿಲ್ಲ.

ಫೋನಿನಲ್ಲಿ ರೊಕ್ಕ ಹಾಕಿದರೆ ಅಂಗಡಿಯ ಡಬ್ಬಿ ರೊಕ್ಕ ಬಂತೆಂದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ. ಆದರೆ ಸಾವಂತ್ರೆವ್ವ ಹೊಸದಾಗಿ ತಂದ ಹೆಬ್ಬೆರಳ ಮಷೀನು ಮಹಾ ಮೌನಿ! ಒತ್ತಿದರೆ ಬ್ಯಾಂಕಿನ ಖಾತೆಯಿಂದ ರೊಕ್ಕ ಸಂದು ಒಂದು ಹಸಿರು ದೀಪ, ಅಷ್ಟೇ.

"ಹುಷಾರ ಶಿವಾನಿ," ಗಂಡ ಬಸವಲಿಂಗ ಚಹಾ ಸೊರಸುತ್ತ ಹೇಳಿದ. "ಪಿನ್ ಯಾರರ ಕದ್ರ ಬದಲ ಮಾಡಬಹುದು. ಹೆಬ್ಬೆರಳ ಕದ್ರ ಏನ ಮಾಡ್ತಿ?"

"ಇನ್ನ ಒಂಬತ್ತ ಬೆರಳ ಅದಾವಲ್ರಿ!"

"ಅವೂ ಮುಗದ ಮ್ಯಾಲ?"

"ನಿಮ್ಮವ ಅದಾವ!"

ಸೋಮವಾರ ಬೆಳಿಗ್ಗೆ ಶಿವಾನಿ ರಾಣಿಯ ಠೀವಿಯಿಂದ ಹೆಬ್ಬೆರಳು ಒತ್ತಿದಳು. ಹಸಿರು ದೀಪ!

"ಒಂದ ಸಲಕ್ಕ ಹಿಡೀತಲ್ರಿ ಬಾಯಾರ!" ಸಾವಂತ್ರೆವ್ವ ಬೆರಗಾದಳು. "ನನ್ನ ಬೆರಳ ಈ ಮಷೀನ ಗುರತ ಹಿಡಿಯಂಗಿಲ್ಲ. ರೊಟ್ಟಿ ಬಡದ ಬಡದ ಗೆರಿ ಎಲ್ಲಾ ಸವದಾವ."

ಶಿವಾನಿ ಅದನ್ನು ಹೊಗಳಿಕೆ ಎಂದೇ ತಿಳಿದು, ಗಂಟನ್ನು ಬಸ್ಸಿಗೆ ಹಾಕಿ ಮನೆಗೆ ಬಂದಳು. ಬಾಗಿಲು ತೆಗೆಯುವಷ್ಟರಲ್ಲಿ ಮಾವ ವೀರಪ್ಪನ ಫೋನು.

"ಯವ್ವಾ ಶಿವಾನಿ, ಸಾವಂತ್ರೆವ್ವ ರೊಟ್ಟಿ ಕೇಂದ್ರ ಅಂದ್ರ ಯಾವದವ?"

ಶಿವಾನಿ ಬಾಗಿಲಲ್ಲೇ ಕೂತುಬಿಟ್ಟಳು. ಆಮೇಲೆ ಹೊಳೆಯಿತು! ಹೆಬ್ಬೆರಳು ರೊಕ್ಕ ಎಳೆದದ್ದು ಬೈಲಹೊಂಗಲದ ಖಾತೆಯಿಂದಲ್ಲ. ಮದುವೆಯಾದ ಹೊಸತರಲ್ಲಿ ಸಂಗೊಳ್ಳಿಯಲ್ಲಿದ್ದಾಗ ಆಧಾರ್ ಜೋಡಿಸಿ ತೆರೆದಿದ್ದ ಹಳೆಯ ಖಾತೆಯಿಂದ. ಅದಕ್ಕೆ ಕೊಟ್ಟದ್ದು ಮಾವನ ನಂಬರು. ಮಾವನಿಗೋ ಕಣ್ಣು ಮಂಜು. ಬಂದ ಸಂದೇಶವನ್ನೆಲ್ಲ ಅವನ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ!

"ಮಾವಾರ, ಅದು ಓದೂವಾಗ ಅಲ್ಲಿ ಯಾರಾರ ಇದ್ರಿ?"

"ಭಾಳ ಮಂದಿ ಇರಲಿಲ್ಲ ಬಿಡು. ನಿಮ್ಮತ್ತಿ, ಬಾಜೂ ಮನಿ ಇಂದ್ರವ್ವ, ಪದ್ಮವ್ವ, ಗಿರಣಿಗೆ ಹೊಂಟಿದ್ದ ಮೂರ ಮಂದಿ."

ರೊಟ್ಟಿಗಳಿನ್ನೂ ದಾರಿಯಲ್ಲಿದ್ದವು. ಸುದ್ದಿ ಆಗಲೇ ಊರು ಮುಟ್ಟಿತ್ತು.

ಕೂಸನ್ನೆತ್ತಿಕೊಂಡು ಬ್ಯಾಂಕಿಗೆ ಓಡಿದಳು. "ಫೋನ್ ನಂಬರ ಬದಲ ಮಾಡ್ರಿ, ಈಗಿಂದೀಗ!"

"ಮಾಡೂಣ್ರಿ ಅಕ್ಕಾರ. ಹಳೇ ನಂಬರಿಗೆ ಒಂದ ಒಟಿಪಿ ಹೋಗತೈತಿ," ಎಂದ ಗುಮಾಸ್ತ, ಅವಳು "ಬ್ಯಾಡ್ರೀ!" ಎನ್ನುವ ಮೊದಲೇ ಗುಂಡಿ ಒತ್ತಿಬಿಟ್ಟ.

ಮತ್ತೆ ಮಾವನ ಫೋನು. "ಶಿವಾನಿ, ಏನೋ ಆರ ಅಂಕಿ ಹೇಳ್ತವ್ವಾ ಇದು. ಯಾರಿಗೂ ಹೇಳಬ್ಯಾಡ್ರಿ ಅಂತನೂ ಹೇಳ್ತು. ನಾವ್ ಎಲ್ಲಾರೂ ಕೇಳೇವಿ. ಆದ್ರ ಯಾರಿಗೂ ಹೇಳಂಗಿಲ್ಲಂತ ಆಣಿ ಮಾಡೇವಿ!"

"ನನಗ ಹೇಳ್ರಿ ಮಾವಾರ!"

"ಯಾರಿಗೂ ಅಂದ್ರ ನಿನಗೂ ಇಲ್ಲವ," ಎಂದು ಆ ಸತ್ಯಸಂಧ ಫೋನು ಇಟ್ಟ.

ಶಿವಾನಿ ಊಟ ಬಿಟ್ಟಳು. ಪಿನ್ ಆಗಿದ್ದರೆ ಮರೆತೆನೆನ್ನಬಹುದಿತ್ತು. ಬೇರೆ ಯಾರೋ ಒತ್ತಿದ್ದಾರೆನ್ನಬಹುದಿತ್ತು. ಹೆಬ್ಬೆರಳನ್ನು ಎಲ್ಲಿ ಬಚ್ಚಿಡುವುದು? ಕೂಸು ಅದೇ ಬೆರಳನ್ನು ಹಿಡಿದು ಚೀಪುತ್ತ ಮಲಗಿತು. ಅದರ ನೆತ್ತಿಯ ಮೇಲೆ ತಾಯಿಯ ಕಣ್ಣೀರು ತೊಟ್ಟಿಕ್ಕಿತು.

ಸಂಜೆ ಚನ್ನವ್ವನದೇ ಫೋನು ಬಂತು.

"ಅತ್ತೀ, ತಪ್ಪಾತ್ರಿ... ಕೂಸಿನ ಕಾಲಾಗ ಬಡ್ಯಾಕ ಆಗಲಿಲ್ರಿ..."

"ಅಳೂದ ನಿಂದರಸು. ಮದಲ ಇಷ್ಟ ಹೇಳು, ಎಷ್ಟ ದಿನಾ ಆತು?"

"ಹತ್ತ ತಿಂಗಳಾತ್ರಿ."

ಆ ಕಡೆ ಅತ್ತೆ ಒಂದ, ಎರಡ ಎಂದು ತಿಂಗಳೆಣಿಸುವುದು ಕೇಳಿಸಿತು. ಆಮೇಲೆ ಚನ್ನವ್ವ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು.

"ಹಂಗನ್ನು! ಬರೋಬ್ಬರಿ ಹತ್ತ ತಿಂಗಳಾತು ನೋಡು, ರೊಟ್ಟಿ ಬಾಯಾಗ ಇಡೂ ಹಂಗ ಆಗಿ. ಅದಕ್ಕೂ ಮದಲ ನೀ ಬಡದ ಕಳಿಸಿದ್ದು ನಮ್ಮ ಎಮ್ಮಿ ಸೈತ ಮೂಸಿ ನೋಡಿ ಬಿಡತಿತ್ತು! ಈಗ ಇಂದ್ರವ್ವಗ ಇಪ್ಪತ್ತ, ಪದ್ಮವ್ವಗ ಇಪ್ಪತ್ತ ಬೇಕಂತ. ಬರೂ ಸೋಮವಾರ ಹೆಬ್ಬೆರಳ ನೀನ ಒತ್ತ ಯವ್ವಾ, ರೊಟ್ಟಿ ಮಾತ್ರ ಆ ಸಾವಂತ್ರೆವ್ವ ಬಡೀಲಿ!"