ಮಾವನ ಹರ್ನಿಯಾಕ್ಕೆ ಅಳಿಯನ ಉಪದೇಶ

ಹೆಣ್ಣು ಕೊಟ್ಟ ಮಾವನ ಹತ್ತಿರ ಅಳಿಯನಾದವನು ಮಾತಾಡಬಹುದಾದ ವಿಷಯಗಳು ಬಹಳ ಕಡಿಮೆ. ಮಳೆ, ಹಾಲಿನ ರೇಟು, ಬಸ್ಸು ಬೇಗ ಸಿಕ್ಕಿತಾ, ಊಟ ಆಯಿತಾ. ಇಷ್ಟರಲ್ಲೇ ನಾನು ಮದುವೆಯಾದಾಗಿನಿಂದ ನೆಮ್ಮದಿಯಾಗಿದ್ದೆ. ಅಂಥವನಿಗೆ ನನ್ನ ಹೆಂಡತಿ ಒಂದು ದಿನ, "ನಮ್ಮಪ್ಪನಿಗೆ ತೊಡೆಸಂದಿನಲ್ಲಿ ಏನೋ ಊದಿಕೊಂಡಿದೆಯಂತೆ ರೀ. ನೀವು ಗಂಡಸರು, ನೀವೇ ಕೇಳಿ" ಎಂದು ಗಂಟುಹಾಕಿಬಿಟ್ಟಳು. ನುಣುಚಿಕೊಳ್ಳೋಣವೆಂದರೆ ನಾನು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಪ್ಪೆಯ ಹೊಟ್ಟೆಯ ಚಿತ್ರವನ್ನು ಬೋರ್ಡಿನ ತುಂಬ ಬರೆಯುವವನು ಮಾವನ ಹೊಟ್ಟೆಯ ವಿಚಾರ ಕೇಳಲಾರೆ ಎಂದರೆ ಯಾರು ಒಪ್ಪುತ್ತಾರೆ?

ಭಾನುವಾರ ಶಾಂತಿಗ್ರಾಮಕ್ಕೆ ಹೋದೆ. ಮಾವ ಕೊಟ್ಟಿಗೆಯಲ್ಲಿದ್ದರು. "ಏನಿಲ್ಲ ಅಳಿಯಂದ್ರೆ, ಒಸಿ ವಾಯು. ಮನೀಕಂಡ್ರೆ ಒಳಿಕ್ಕೋಯ್ತದೆ" ಎಂದು ಹಸುವನ್ನು ನೋಡುತ್ತ ಹೇಳಿದರು. ನಾನೂ ಹಸುವನ್ನೇ ನೋಡುತ್ತ ಪಾಠ ಶುರುಮಾಡಿದೆ. ಅದು ವಾಯು ಅಲ್ಲ ಮಾವ, ಹರ್ನಿಯಾ. ಬೂಸದ ಚೀಲದ ಹೊಲಿಗೆ ಸಡಿಲವಾದ ಕಡೆ ಬೂಸ ಉಬ್ಬಿಕೊಂಡು ಬರುವಂತೆ, ಹೊಟ್ಟೆಯ ಗೋಡೆ ಸಡಿಲವಾದ ಕಡೆ ಕರುಳು ತಳ್ಳಿಕೊಂಡು ಬರುತ್ತದೆ. ಭಾರ ಎತ್ತಬೇಡಿ, ಬೀಡಿ ಬಿಡಿ, ಕೆಮ್ಮಿಗೆ ಔಷಧಿ ತಗೊಳ್ಳಿ, ಮಲಬದ್ಧತೆ ಆಗದಂತೆ ಸೊಪ್ಪು ತರಕಾರಿ ತಿನ್ನಿ. ಆದರೆ ಇದೆಲ್ಲ ಜಾಸ್ತಿಯಾಗದಿರಲಿ ಅಂತ ಅಷ್ಟೆ, ವಾಸಿಯಾಗಲು ಆಪರೇಷನ್ನೇ ಆಗಬೇಕು. ಒಂದು ದಿನ ಅದು ಒಳಗೆ ಹೋಗದೆ ಸಿಕ್ಕಿಹಾಕಿಕೊಂಡು ನೋವು, ವಾಂತಿ ಶುರುವಾದರೆ ಪ್ರಾಣಕ್ಕೇ ಬರುತ್ತೆ. ಮಾವ ಎಲ್ಲ ಕೇಳಿಸಿಕೊಂಡು, "ನೀವು ಯೋಳುದ್ಮೇಲೆ ಮುಗೀತು ಬುಡಿ" ಎಂದರು. ಎಂದವರೇ ನನಗೆಂದು ಕಟ್ಟಿಟ್ಟಿದ್ದ ತೆಂಗಿನಕಾಯಿ ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.

ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅಳಿಯನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ, ಅಳಿಯನ ಕೈಯಲ್ಲಿ ಹೊರಿಸುವಂತೆಯೂ ಇಲ್ಲ. ನಾನು ಮೂಟೆಯ ಒಂದು ಕಿವಿ ಹಿಡಿದು ಎಳೆದೆ, ಅವರು ಇನ್ನೊಂದು ಕಿವಿ ಹಿಡಿದು ಎಳೆದರು. "ಬುಡಿ ಅಳಿಯಂದ್ರೆ, ನೋಡ್ದೋರು ಏನಂದಾರು?" ಬಸ್ಸು ಬಂದು ನಿಂತಿತ್ತು. ಕಂಡಕ್ಟರು, "ಯಾರಾನ ಒಬ್ರು ಎತ್ತಿ ಸಾ, ಟೈಮಾಯ್ತದೆ" ಎಂದ. ಆವತ್ತು ನಾನೇ ಗೆದ್ದು ಮೂಟೆಯನ್ನು ದಬಕ್ಕನೆ ಮೇಲೆ ಎತ್ತಿ ಹಾಕಿದೆ. ಆಮೇಲಿನ ಭಾನುವಾರಗಳಲ್ಲೂ ಇದೇ ಕಥೆ. ಭಾರ ಎತ್ತಬೇಡಿ ಎಂದು ಹೇಳಲು ನಾನು ಹೋಗುವುದು, ನಾನು ಹೋದೆನೆಂದು ಅವರು ಭಾರ ಎತ್ತುವುದು, ಕೊನೆಗೆ ಕಿತ್ತಾಟ. ಮಧ್ಯೆ ಅರಕಲಗೂಡಿನ ನೆಂಟರೊಬ್ಬರು ತಾವು ಬಳಸಿ ಬಿಟ್ಟ ಹರ್ನಿಯಾ ಬೆಲ್ಟೊಂದನ್ನು ಕೊಟ್ಟು ಹೋದರು. ಬೆಲ್ಟು ಒತ್ತಿ ಹಿಡಿಯುತ್ತದೆಯೇ ಹೊರತು ತೂತು ಮುಚ್ಚುವುದಿಲ್ಲ ಎಂದು ನಾನು ಬಡಕೊಂಡೆ. ಮಾವ ಅದನ್ನು ಪಂಚೆಯೊಳಗೆ ಬಿಗಿದುಕೊಂಡು, ಇನ್ನು ಬೂಸದ ಮೂಟೆಯನ್ನೂ ಎತ್ತಬಹುದೆಂದು ತೀರ್ಮಾನಿಸಿದರು. ಹೆಂಡತಿಯಂತೂ, "ನೀವು ಹೋಗೋದು ನಿಲ್ಲಿಸಿದರೆ ಅಪ್ಪ ಉಳ್ಕೋತಾರೆ ನೋಡಿ" ಎಂದಳು.

ಒಂದು ಸಂಜೆ ಮಾವ ಎಷ್ಟು ಹೊತ್ತು ಮಲಗಿದರೂ ಆ ಊತ ಒಳಗೆ ಹೋಗಲಿಲ್ಲವಂತೆ. ಅತ್ತೆ ಫೋನಿನಲ್ಲಿ ಅತ್ತುಬಿಟ್ಟರು. ಕಾರು ಮಾಡಿಕೊಂಡು ಓಡಿದೆ. ನಾನು ಊರು ತಲುಪುವಷ್ಟರಲ್ಲಿ ಅದು ಹೇಗೋ ಒಳಗೆ ಹೋಗಿತ್ತು. ಆದರೂ ಬಿಡದೆ ಮಾವನನ್ನು ಅದೇ ಕಾರಿನಲ್ಲಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು, "ಪಂಚೆ ಸಡಿಲ ಮಾಡಿ, ನಿಂತ್ಕೊಂಡು ಕೆಮ್ಮಿ" ಎಂದರು. ವರ್ಷಗಟ್ಟಲೆ ಊರಿಗೆಲ್ಲ ಕೇಳುವಂತೆ ಕೆಮ್ಮಿದ ಮನುಷ್ಯ ಈಗ ಕೆಮ್ಮಲೊಲ್ಲರು. "ಅಳಿಯಂದ್ರು ಅವ್ರೆ" ಎಂದರು ಮೆಲ್ಲಗೆ. ನಾನು ಪರದೆಯ ಈಚೆಗೆ ಬಂದೆ. ಆಗಲೂ ಕೆಮ್ಮಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ ಮಾವ ನೀವು, ಹಿಂಗೆ ಕೆಮ್ಮೋದು" ಎಂದು ತರಗತಿಯಲ್ಲಿ ತೋರಿಸಿಕೊಡುವ ಹಾಗೆ ಹೊಟ್ಟೆಯೊಳಗಿಂದ ಜೋರಾಗಿ ಕೆಮ್ಮಿದೆ. ಬಲಗಡೆ ತೊಡೆಸಂದಿನಲ್ಲಿ ಏನೋ ಜಾರಿ ಮುಂದಕ್ಕೆ ಬಂದಂತಾಯಿತು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಪರದೆ ಸರಿಸಿ ಈಚೆ ಬಂದ ಡಾಕ್ಟರು ನನ್ನ ಕೈಯನ್ನೇ ನೋಡಿ, "ಇವರದು ಮುಗೀಲಿ, ನೀವೂ ಬನ್ನಿ ಮೇಷ್ಟ್ರೇ" ಎಂದರು.

ಮಾವನಿಗೆ ಆಪರೇಷನ್ ಆಯಿತು. ಒಳಗೆ ಬಲೆಯಂಥದ್ದೊಂದನ್ನು ಇಟ್ಟು ಹೊಲಿದರು. ಬೇಗನೆ ಎದ್ದು ಓಡಾಡಿದರು, ಬೀಡಿಯನ್ನೂ ಬಿಟ್ಟರು. ನನಗೂ ಆಗಬೇಕಿದ್ದ ಆಪರೇಷನ್ ಮಾತ್ರ ಶಾಲೆಯ ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹೋಯಿತು, ಆಮೇಲೆ ಮೌಲ್ಯಮಾಪನ ಮುಗಿಯಲಿ ಎಂದು ಹೋಯಿತು.

ಮೊನ್ನೆ ಭಾನುವಾರ ಮಾವ ನಮ್ಮ ಮನೆಗೆ ಬಂದರು, ಅದೂ ಮೊದಲ ಸಲ ಬರಿಗೈಯಲ್ಲಿ. ಅಂಗಳದಲ್ಲಿ ಕೂತು, ಇಲ್ಲಿ ಹಸು ಇಲ್ಲದ್ದರಿಂದ ನನ್ನ ಸ್ಕೂಟರನ್ನು ನೋಡುತ್ತ, "ಅಳಿಯಂದ್ರೆ, ಬೂಸದ ಚೀಲದ ಒಲಿಗೆ ಬುಟ್ರೆ ಅದು ತಾನಾಗೇ ಕೂಡ್ಕಳಕಿಲ್ಲ ಕಣ. ಯಾವತ್ತು ಮಾಡುಸ್ಕತೀರಿ?" ಎಂದು ಕೇಳಿದರು. ನಾನೂ ಸ್ಕೂಟರನ್ನೇ ನೋಡುತ್ತ ಹೇಳಿದೆ:

"ಏನಿಲ್ಲ ಮಾವ, ಒಸಿ ವಾಯು."