ಎ ಕಾರ್ಡು, ಬಿ ಕಾರ್ಡು

ನಮ್ಮ ಕಾಕಾನಿಗೆ ಹೆತ್ತ ಮಕ್ಕಳಿಗಿಂತ ಫ್ಲಾಪಿ ಕಂಟ್ರೋಲರ್ ಕಾರ್ಡುಗಳ ಗುರುತೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಅವಳಿ ಮಕ್ಕಳಲ್ಲಿ ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಬೈಯುತ್ತಿದ್ದ ಆ ಮಹಾನುಭಾವರು ಈ ಹಸಿರು ಕಾರ್ಡುಗಳ ವಿಷಯದಲ್ಲಿ ಒಮ್ಮೆಯೂ ತಪ್ಪಿದವರಲ್ಲ!

ತೊಂಬತ್ತರ ದಶಕದಲ್ಲಿ ಹುಕ್ಕೇರಿಯಲ್ಲಿ ಅವರದೊಂದು ಕಂಪ್ಯೂಟರ್ ಕ್ಲಾಸಿತ್ತು. ಫ್ಲಾಪಿ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡು ಹಳೆಯದಾಗಿದ್ದರೆ ಹಳೆಯ ಕಾಲದ ಅಗಲ ಫ್ಲಾಪಿಯನ್ನಷ್ಟೇ ಓದುತ್ತಿತ್ತು. ಸುಧಾರಿಸಿದ್ದಾದರೆ ಸಣ್ಣದನ್ನೂ ಓದುತ್ತಿತ್ತು. ನೋಡಲು ಎರಡೂ ಒಂದೇ. ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರ: ಹಳೆಯದಕ್ಕೆ ಎ, ಹೊಸದಕ್ಕೆ ಬಿ. ಈ ವಿದ್ಯೆ ಕ್ಲಾಸಿನೊಳಗೇ ಉಳಿದಿದ್ದರೆ ನಮಗ್ಯಾಕೆ ಚಿಂತೆ?

ನನ್ನ ಅಕ್ಕನಿಗೆ ವರ ನೋಡಲು ಗೋಕಾಕಕ್ಕೆ ಹೋಗಿದ್ದೆವು. ಹಿರಿಯರೆಲ್ಲ ಅವಲಕ್ಕಿ ತಿನ್ನುತ್ತಿದ್ದಾಗ ಕಾಕಾ ಒಳಗಿನ ಕೋಣೆ ಸೇರಿ, ಹುಡುಗನ ಕಂಪ್ಯೂಟರಿನ ಡಬ್ಬಿಯನ್ನೇ ಬಿಚ್ಚಿದ್ದರು. ಹೊರಬಂದವರನ್ನು ಹುಡುಗನ ತಂದೆ ನಗುತ್ತ ಕೇಳಿದರು, "ಹೆಂಗ ಅನಿಸಿತ್ರಿ?"

"ಹಳೇದೈತ್ರಿ," ಎಂದರು ಕಾಕಾ. "ಬದಲಿ ಮಾಡೂದು ಚಲೋ."

ಆ ಸಂಬಂಧ ಅಲ್ಲಿಗೇ ಮುಗಿಯಿತು.

ಮುಂದೆ ಇಂಥ ಕಾರ್ಡೇ ಬೇಡದ ಕಂಪ್ಯೂಟರುಗಳು ಬಂದವು. ಕ್ಲಾಸು ಮುಚ್ಚಿತು. ಕಾಕಾ ಕಾರ್ಡುಗಳನ್ನೆಲ್ಲ ಚೀಲಕ್ಕೆ ತುಂಬಿ ಯಮಕನಮರಡಿಯ ಮನೆಗೆ ತಂದರು. ಅವರ ಹೆಂಡತಿ, ನಮ್ಮ ಕಾಕು, ಅವನ್ನು ಗುಜರಿಗೆ ಹಾಕಲು ಎಷ್ಟು ಹೆಣಗಿದರೂ ಆಗಲಿಲ್ಲ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಾಕಾನ ಎರಡೂ ಕಣ್ಣು ತಿಂದುಹಾಕಿತು. ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವರು ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. ನಾವು ಮಾತಾಡಿಸಿದರೆ ಹೂಂ ಎನ್ನುತ್ತಿದ್ದರು, ಅಷ್ಟೇ. ಆ ಹೂಂ ಕೇಳುವುದಕ್ಕೆ ಹೆದರಿ ನಾನು ಹೋಗುವುದನ್ನೇ ಕಡಿಮೆ ಮಾಡಿದೆ.

ಕೊನೆಗೊಂದು ಮಧ್ಯಾಹ್ನ ಹೋದಾಗ ಕಾಕು ಪಡಸಾಲೆಯ ಬೆಳಕಿನಲ್ಲಿ, ಎಡಬಲಕ್ಕೆ ಎರಡು ರಾಶಿಗಳ ನಡುವೆ ಕುಳಿತು, ಚೀಲದಿಂದ ತೆಗೆದ ಕಾರ್ಡೊಂದನ್ನು ಮೂಗಿಗೆ ಹತ್ತುವಷ್ಟು ಸಮೀಪ ಹಿಡಿದಿದ್ದರು. ಅವರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ.

"ಒಂದರ ಮ್ಯಾಲೊಂದು ಎರಡು ಹೊಟ್ಟಿ ಅದಾವ್ರಿ."

"ಬಿ ಅದು," ಎಂದರು ಕಾಕಾ. ಮುಖ ನಮ್ಮ ಕಡೆಗಿತ್ತು. "ಬಲಕ್ಕ ಇಡು."

ಹೊರಡುವಾಗ ಬಾಗಿಲತನಕ ಬಂದ ಕಾಕುವನ್ನು ಮೆಲ್ಲಗೆ ಕೇಳಿದೆ, ಚೀಲ ಖಾಲಿಯಾದ ಮೇಲೆ ಏನು ಮಾಡುತ್ತೀರಿ ಎಂದು.

"ಅವರು ಮಲಗಿದ ಮ್ಯಾಲ ಎಲ್ಲಾ ಮತ್ತ ಕಲಸಿ ತುಂಬಿಡ್ತೇನಪಾ," ಎಂದರು. "ನಾಳಿಗೆ ಏನರ ಇರಬೇಕಲ್ಲ."