ಕಾಗೆ ಹಾರಿದ ದಾರಿ

ಎರಡು ಭಾಷೆಗಳ ನಡುವೆ ನಿಂತು ಹೊಟ್ಟೆ ಹೊರೆಯುವವನಿಗೆ ಎಡವಟ್ಟುಗಳು ತಪ್ಪಿದ್ದಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತದೆ. ನಾನು ದುರ್ಗದ ಸೀಮೆಯಲ್ಲಿ ಸರ್ವೆ ದೊರೆಯೊಬ್ಬರಿಗೆ ದುಭಾಷಿಯಾಗಿದ್ದೆ. ಊರಿಂದೂರಿಗೆ ನೇರ ಗೆರೆಯಲ್ಲಿ ಎಷ್ಟು ದೂರ ಅನ್ನುವುದನ್ನು ಹಿಡಿಯುವುದು ಅವರ ಕೆಲಸ. ಅವರ ಮನಸ್ಸು ಮಾತ್ರ ಲಂಡನ್ನಿನಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯ ಹತ್ತಿರ. ಹಡಗು ಹತ್ತಿದರೂ ವಾರಗಟ್ಟಲೆ ಪಯಣ. ಮುಟ್ಟುವುದರೊಳಗೆ ಏನಾಗುತ್ತದೋ ಎಂದು ಒದ್ದಾಡುತ್ತಿದ್ದರು, ಪಾಪ.

ಯಲ್ಲದಕೆರೆಯಲ್ಲಿ

ಕಾಗೆ ಹಾರಿದ ಹಾಗೆ ಹಿರಿಯೂರು ಎಷ್ಟು ದೂರ, ಕೇಳು ಅಂದರು ದೊರೆ. ನೇರ ದಾರಿಗೆ ಇಂಗ್ಲಿಷಿನವರು ಹಾಗೆ ಅನ್ನುತ್ತಾರೆ. ನಾನು ಮಹಾ ಬುದ್ಧಿವಂತ, ಅಕ್ಷರಕ್ಕೆ ಅಕ್ಷರ ಇಳಿಸಿಬಿಟ್ಟೆ. ಜಗಲಿಯ ಮೇಲಿದ್ದ ಗೌಡರು ರುಮಾಲು ತೆಗೆದು ಎದ್ದು ನಿಂತರು. ನಮ್ಮಲ್ಲಿ ಕಾಗೆಯೆಂದರೆ ಎಡೆ ಮುಟ್ಟಲು ಬರುವ ಸತ್ತ ಹಿರಿಯರು ಅನ್ನುವುದು ನನಗೆ ಆಗ ನೆನಪಾಯಿತು.

“ದೊರೆಗಳ ಕಡೆ ಯಾರು ತೀರ್ಕಂಡ್ರು?” ಅಂದರು ಗೌಡರು.

ಅವರ ಮರ್ಯಾದೆ ಕಂಡು ದೊರೆಯೂ ಟೋಪಿ ತೆಗೆದರು. ಇಬ್ಬರೂ ಬರಿತಲೆಯಲ್ಲಿ ಎದುರುಬದುರು ನಿಂತರು. ಯಾರೂ ಸತ್ತಿಲ್ಲ ಅನ್ನಲು ನನಗೇಕೋ ಬಾಯಿ ಬರಲಿಲ್ಲ.

ಬಾಗೂರಿನ ಹೊರಗೆ

ಸುದ್ದಿ ನಮಗಿಂತ ಮುಂದೆ ಓಡಿತ್ತು. ದುರ್ಗಕ್ಕೆ ಎಷ್ಟು ಹೊತ್ತಿನ ಹಾದಿ ಅಂತ ನಾನು ಕೇಳಿದರೆ, ಕುರಿ ಕಾಯುತ್ತಿದ್ದ ಮುದುಕ ಕಾಲಿಂದೋ ಕಾಗೆದೋ ಅಂತ ನನ್ನನ್ನೇ ಕೇಳಿದ. ಕಾಗೆಯದೇ ಅಂದೆ.

“ಆಸೆ ಇಲ್ದೆ ಸತ್ತೋರಾದ್ರೆ ಕಣ್ಣು ಮುಚ್ಚಿ ತೆಗೆಯಾದ್ರಾಗೆ. ಆಸೆ ಇಟ್ಕಂಡೋರು ವರ್ಷ ಆದ್ರೂ ಮುಟ್ಟಲ್ಲ. ನಮ್ಮಪ್ಪ ಇನ್ನೂ ಅಲ್ಲೇ ಕುಂತವ್ನೆ ನೋಡ್ರಿ.”

ಬೇವಿನ ಮರದಲ್ಲಿ ಒಂಟಿ ಕಾಗೆಯೊಂದು ನಮ್ಮನ್ನೇ ನೋಡುತ್ತಿತ್ತು. ಮುದುಕ ಏನೆಂದ ಅಂತ ದೊರೆ ಕೇಳಿದರು. ದಾರಿಯಲ್ಲಿ ಎದುರುಗಾಳಿ ಜಾಸ್ತಿಯಂತೆ ಎಂದು ಹೇಳಿ ಬಿರಬಿರನೆ ಹೆಜ್ಜೆ ಹಾಕಿದೆ.

ಹಾಲುರಾಮೇಶ್ವರದಲ್ಲಿ

ಮಧ್ಯಾಹ್ನ ಮರದ ನೆರಳಲ್ಲಿ ಕೂತಿದ್ದಾಗ, ದೊರೆ ಅರ್ಧ ತಮಾಷೆಗೆ ಲಂಡನ್ನಿಗೆ ಕಾಗೆ ದಾರಿ ಎಷ್ಟು ಅಂತ ನನ್ನಿಂದ ಒಬ್ಬ ಅಜ್ಜಿಯನ್ನು ಕೇಳಿಸಿದರು. ಅಲ್ಲಿ ಯಾರವ್ರೆ ಅಂದಳು. ದೊರೆಯ ತಾಯಿ, ಕಾಯಿಲೆ ಬಿದ್ದಿದ್ದಾರೆ ಅಂದೆ. ಅಜ್ಜಿ ತನ್ನ ಬುತ್ತಿಯ ರೊಟ್ಟಿಗೆ ಕೆಂಪು ಚಟ್ನಿ ಸವರಿ ಬಂಡೆಯ ಮೇಲಿಟ್ಟಳು.

ಮರದ ತುಂಬ ಕಾಗೆಗಳು ಬಂದು ಕೂತವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಆಕೆ ಏನು ಮಾಡುತ್ತಿದ್ದಾಳೆ ಅಂದರು ದೊರೆ. ದೂರ ಅಳೆಯುತ್ತಿದ್ದಾಳೆ ಅಂದೆ. ಕಾಗೆ ಮುಟ್ಟದಿದ್ದರೆ ತಾಯಿ ಬದುಕಿದ್ದಾಳೆ ಎಂದು ನನಗೆ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಅಜ್ಜಿಗೆ ಏನೋ ಹೊಳೆಯಿತು. ಎದ್ದು ಹೋಗಿ ಚಟ್ನಿಯನ್ನೆಲ್ಲ ಬಳಿದು ತೆಗೆದಳು. ತಕ್ಷಣ ಒಂದು ಕಾಗೆ ಇಳಿದು ರೊಟ್ಟಿ ಕಚ್ಚಿತು.

“ಬಂದವ್ಳೆ ಕಣಪ್ಪ,” ಅಂದಳು ಮೆಲ್ಲಗೆ. “ಖಾರ ತಿನ್ನಲ್ಲ, ಅಷ್ಟೆ.”

ಅದನ್ನು ಮಾತ್ರ ನಾನು ಆಗ ದೊರೆಗೆ ಹೇಳಲಿಲ್ಲ. ದುರ್ಗಕ್ಕೆ ಬಂದರೆ ತಂತಿ ಕಾದಿತ್ತು. ತಾಯಿ ತೀರಿಕೊಂಡದ್ದು ಅಜ್ಜಿ ರೊಟ್ಟಿ ಇಟ್ಟ ದಿನವೇ ಬೆಳಿಗ್ಗೆ. ತಡೆಯಲಾರದೆ, ನಮ್ಮಲ್ಲಿ ಕಾಗೆಯೆಂದರೆ ಸತ್ತವರು ಅನ್ನುವುದನ್ನೂ ಚಟ್ನಿಯ ವಿಷಯವನ್ನೂ ಹೇಳಿಬಿಟ್ಟೆ. ದೊರೆ ಮುಖ ಮುಚ್ಚಿಕೊಂಡು ಅತ್ತರು. ಸ್ವಲ್ಪ ಹೊತ್ತಿಗೆ ನೋಡಿದರೆ ನಗುತ್ತಿದ್ದಾರೆ. ಅನುಮಾನವೇ ಬೇಡ, ಅದು ನಮ್ಮಮ್ಮನೇ, ಅಡುಗೆಯವನು ಮೆಣಸಿನ ಡಬ್ಬಿ ಮುಟ್ಟಿದರೂ ಮನೆಗೆ ಕಳಿಸುತ್ತಿದ್ದಳು ಅಂದರು. ಆಮೇಲೆ ಕಣ್ಣೊರೆಸಿಕೊಂಡು, ಸದ್ಯ, ದಾರಿಯಲ್ಲಿ ಎದುರುಗಾಳಿ ಇರಲಿಲ್ಲ ಅಂತ ಕಾಣುತ್ತದೆ ಅಂದರು.